ಕಾಫಿಗೆ ದೇವಿ ಹಾಕಿದ ನನ್ನ ಅಜ್ಜಿ

ನಮ್ಮ ಅಜ್ಜಿ ಇದ್ದಷ್ಟು ಕಾಲ ನಮ್ಮ ಮನೆಯ ಯಾವ ವಸ್ತುವೂ ಎರಡು ದಿನ ಒಂದೇ ಜಾಗದಲ್ಲಿ ಇದ್ದದ್ದನ್ನು ನಾನು ಕಾಣೆ. ಬೆಳಗ್ಗೆ ಒಲೆಯ ಪಕ್ಕದಲ್ಲಿದ್ದ ಉಪ್ಪಿನ ಭರಣಿ ಸಂಜೆಗೆ ಅಟ್ಟದ ಮೆಟ್ಟಿಲ ಕೆಳಗೆ ಸಿಗುತ್ತಿತ್ತು. ಅಪ್ಪನ ಕನ್ನಡಕ ಅಕ್ಕಿ ಡಬ್ಬದೊಳಗೆ. ಕಾಯಿ ತುರಿಯುವ ಮಣೆ ಒಮ್ಮೆ ಮೂರು ದಿನ ನಾಪತ್ತೆಯಾಗಿ, ಕೊನೆಗೆ ದನದ ಕೊಟ್ಟಿಗೆಯಲ್ಲಿ ಪತ್ತೆಯಾಯಿತು. ಅದರ ಮೇಲೆ ಒಂದು ಹೇಂಟೆ ಕೂತಿತ್ತು. ನಾವು ಹತ್ತಿರ ಹೋದರೆ ಮಣೆ ತನ್ನ ತವರಿನಿಂದ ಬಂದದ್ದು ಎಂಬಂತೆ ಕುಕ್ಕಲು ಬಂತು.

"ಎಂತಕೆ ಅಜ್ಜಿ ಹೀಂಗೆ ಮಾಡುದು?" ಎಂದು ಕೇಳಿದರೆ ಅಜ್ಜಿಯ ಬಳಿ ಉತ್ತರ ಸಿದ್ಧವಾಗಿರುತ್ತಿತ್ತು. "ಒಂದೇ ಕಡೆ ಇದ್ದರೆ ಅದಕ್ಕೂ ಬೇಜಾರ್ ಆಗುದಿಲ್ಲೆನಾ?"

ಸಂಪಾಜೆಯ ಘಾಟಿ ಹತ್ತಿ ಮುಗಿದು ಮಡಿಕೇರಿಯ ಕಡೆ ಸಾಗುವಲ್ಲಿ, ರಸ್ತೆಯಿಂದ ಎರಡು ಮೈಲಿ ಒಳಗೆ ನಮ್ಮ ಮನೆ. ಮನೆಯ ಮಾತು ಅರೆಭಾಷೆ. ಹೆಸರು ಕೇಳಿ ಅರ್ಧ ಭಾಷೆ ಎಂದುಕೊಳ್ಳುವವರು ನಮ್ಮ ಅಜ್ಜಿಯ ಎದುರು ಐದು ನಿಮಿಷ ನಿಂತಿದ್ದರೆ ಸಾಕಿತ್ತು, ಅದು ಎಷ್ಟು ಪೂರ್ತಿ ಎಂದು ಗೊತ್ತಾಗುತ್ತಿತ್ತು.

ಇದೆಲ್ಲ ಈಗ ನೆನಪಾಗಲು ಒಂದು ಕಾರಣವಿದೆ. ಮೊನ್ನೆ ಒಂದು ವಿಜ್ಞಾನ ಪತ್ರಿಕೆಯಲ್ಲಿ ಕಾಫಿ ಎಲೆಯ ತುಕ್ಕು ರೋಗದ ಬಗ್ಗೆ ಓದುತ್ತಿದ್ದೆ. ಆ ರೋಗ ತರುವುದು ಒಂದು ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯದೇ ಒಂದು ಜೀವಿ. ಅದರ ವಂಶವಾಹಿಗಳನ್ನು ಆದಿಯಿಂದ ಅಂತ್ಯದವರೆಗೆ ಬಿಚ್ಚಿ ಓದಿದವರಿಗೆ ಆಶ್ಚರ್ಯವಾಯಿತಂತೆ. ಒಳಗೆ ತುಂಬಿದ್ದರಲ್ಲಿ ಬಹುಪಾಲು, ಇದ್ದಲ್ಲಿ ಇರದ ತುಣುಕುಗಳು. ಅವು ಇಲ್ಲಿಂದ ಎದ್ದು ಅಲ್ಲಿ ಕೂರುತ್ತವೆ, ಕೆಲವು ತಮ್ಮ ನಕಲನ್ನೂ ಬಿಟ್ಟು ಹೋಗುತ್ತವೆ. ಹೆಚ್ಚಿನ ಸಲ ಅದರಿಂದ ಏನೂ ಆಗುವುದಿಲ್ಲ, ಕೆಲವು ಸಲ ಏನಾದರೂ ಕೆಡುತ್ತದೆ, ಎಲ್ಲೋ ಒಮ್ಮೆ ಒಂದು ತುಣುಕು ಹೋಗಿ ಕೂತ ಜಾಗದಿಂದ ಶಿಲೀಂಧ್ರದ ನಡವಳಿಕೆಯೇ ಬದಲಾಗುತ್ತದೆ. ಅಲ್ಲಿಗೆ ಬಂದಾಗ ನಾನು ಪತ್ರಿಕೆ ಮಡಚಿಟ್ಟು ಒಬ್ಬಳೇ ಕೂತು ನಕ್ಕೆ. ಇಷ್ಟೆಲ್ಲ ಯಂತ್ರ ಇಟ್ಟುಕೊಂಡು ಅವರು ಓದಿದ್ದು ನಮ್ಮ ಅಜ್ಜಿಯ ಅಡುಗೆಮನೆಯನ್ನು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ಮಡಿಕೇರಿಯಲ್ಲಿ ಮುಗಿಯುತ್ತಿದ್ದ ಕಾಗದಪತ್ರಗಳೆಲ್ಲ ಬೆಂಗಳೂರು ನೋಡಿ ಬರಬೇಕು ಎಂದು ಅಪ್ಪ ದಿನಕ್ಕೊಮ್ಮೆ ಗೊಣಗುತ್ತಿದ್ದರು. ಅಂಥ ದಿನಗಳಲ್ಲಿ ನಾನು ಸಸ್ಯಶಾಸ್ತ್ರ ಓದಿ ಮುಗಿಸಿ, ಕಾಫಿ ಗಿಡದ ರೋಗಗಳನ್ನು ಅಭ್ಯಾಸ ಮಾಡುವ ಒಂದು ಸಣ್ಣ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ಹೆಂಗಸು ಅಂತ ಇದ್ದವಳು ನಾನೊಬ್ಬಳೇ. ಒಂದು ಗಾಜಿನ ಮನೆ, ಸಾಲಾಗಿ ಮಣ್ಣಿನ ಕುಂಡಗಳು, ಒಂದೊಂದರಲ್ಲಿ ಒಂದೊಂದು ಬಗೆಯ ಕಾಫಿ ಗಿಡ. ಮೆತ್ತನೆಯ ಕುಂಚದಿಂದ ತುಕ್ಕಿನ ಕಿತ್ತಳೆ ಬಣ್ಣದ ಪುಡಿಯನ್ನು ಎಲೆಗಳ ಅಡಿಭಾಗಕ್ಕೆ ಹಚ್ಚಿ, ನೀರು ಚಿಮುಕಿಸಿ, ಮುಚ್ಚಿಟ್ಟು, ಮೂರು ನಾಲ್ಕು ವಾರ ಕಾಯುವುದು. ಯಾವ ಕುಂಡದ ಗಿಡಕ್ಕೆ ತುಕ್ಕು ಹತ್ತಿತು, ಯಾವುದಕ್ಕೆ ಹತ್ತಲಿಲ್ಲ ಎಂದು ನೋಡಿ, ಇದು ತುಕ್ಕಿನಲ್ಲೇ ಯಾವ ಬಗೆ ಎಂದು ಹೇಳುವುದು. ತುಕ್ಕಿನಲ್ಲಿ ಒಂದಲ್ಲ, ಹಲವು ಬಗೆ. ಒಂದು ಬಗೆಗೆ ಬಗ್ಗದ ಗಿಡ ಇನ್ನೊಂದಕ್ಕೆ ಬಗ್ಗುತ್ತಿತ್ತು.

ಕೇಂದ್ರದ ಮುಖ್ಯಸ್ಥರು ತಮಿಳರು. ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಗುಣದಲ್ಲಿ ಒಳ್ಳೆಯವರು, ಆದರೆ ಅವರ ನಂಬಿಕೆ ಗಳಿಸುವುದಕ್ಕಿಂತ ಘಾಟಿಯನ್ನು ನಡೆದು ಹತ್ತುವುದು ಸುಲಭ. ಒಂದು ದಿನ ಚಹಾದ ಹೊತ್ತಿನಲ್ಲಿ ಅವರೇ ಹೇಳಿದರು. "ಅಮೆರಿಕಾದಲ್ಲಿ ಒಬ್ಬ ಹೆಂಗಸು ಇದಾರಮ್ಮಾ. ಜೋಳದಲ್ಲಿ ಜೀನು ಇದ್ದಲ್ಲಿ ಇರಲ್ಲ, ಜಾಗ ಬಿಟ್ಟು ಜಾಗ ಹೋಗ್ತದೆ ಅಂತ ಹೇಳ್ತಾರೆ. ಯಾರು ನಂಬ್ತಾರೆ?"

"ನಾನು ನಂಬ್ತೇನೆ ಸಾರ್" ಎಂದೆ. "ನಮ್ಮ ಮನೆಯಲ್ಲಿ ಉಪ್ಪಿನ ಭರಣಿಯೂ ಹಾಗೇ."

ಸಾಹೇಬರು ನಗಲಿಲ್ಲ. ಉಪ್ಪಿನ ಭರಣಿಗೂ ಪುರಾವೆ ಬೇಕಾಗಿತ್ತೋ ಏನೋ.

ಈಗ ಅಪ್ಪನಿಗೂ ನನಗೂ ನಡೆದ ಪಂತದ ವಿಷಯಕ್ಕೆ ಬರುತ್ತೇನೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಅಪ್ಪನಿಗೆ ಹೇಳಿ, ಮನೆಯ ಹಿಂದಿನ ಇಳಿಜಾರಿನಲ್ಲಿದ್ದ ಹಳೆಯ ಕಾಫಿ ಗಿಡಗಳನ್ನೆಲ್ಲ ಕೀಳಿಸಿ, ತುಕ್ಕು ಹತ್ತದ ಹೊಸ ತಳಿ ನೆಡಿಸಿದ್ದೆ. ಅಪ್ಪನ ಕೈಯಲ್ಲಿ ಬೆಳೆದ ಗಿಡಗಳು ಅವು. ಕೀಳಿಸುವ ದಿನ ಅಪ್ಪ ಆ ಕಡೆ ತಲೆಯನ್ನೇ ಹಾಕಲಿಲ್ಲ. ಮಗಳು ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇರುವುದೂ ಅವರಿಗೆ ಅಷ್ಟಾಗಿ ಹಿಡಿಸಿರಲಿಲ್ಲ, ನೆಂಟರು ಕೇಳುವ ಪ್ರಶ್ನೆಗಳಂತೂ ಸ್ವಲ್ಪವೂ ಹಿಡಿಸುತ್ತಿರಲಿಲ್ಲ. ಆ ವರ್ಷದ ಹುತ್ತರಿಗೆ, ಅಂದರೆ ನಮ್ಮ ಹೊಸ ಅಕ್ಕಿಯ ಹಬ್ಬಕ್ಕೆ, ಬಂದ ನೆಂಟರಿಷ್ಟರು ಜಗಲಿಯಲ್ಲಿ ಕೂತಿರುವಾಗ, ನಾನು ಹೊಸ ತಳಿಯ ಗುಣಗಾನ ಶುರುಮಾಡಿದೆ. ನನಗೆ ಬಾಯಿ ತೆರೆದರೆ ಮುಚ್ಚಲು ಬರುವುದಿಲ್ಲ. ಅಪ್ಪ ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿ, ಎಲ್ಲರಿಗೂ ಕೇಳುವಂತೆ ಹೇಳಿದರು.

"ಸರಿ. ಮೊದಲ ಹಣ್ಣ್ ಕುಯ್ಯುವವರೆಗೆ ನೋಡುವ. ಅಷ್ಟರೊಳಗೆ ಈ ಗಿಡಕ್ಕೆ ತುಕ್ಕು ಬಂತೋ, ನೀ ಪೆಟ್ಟಿಗೆ ಕಟ್ಟಿ ಮನೆಗೆ ಬರೊಕು. ಬಾರದಿದ್ದರೆ ನಿನ್ನ ಕೆಲಸದ ಬಗ್ಗೆ ನಾ ಮತ್ತೆ ಬಾಯಿ ಬಿಡುದಿಲ್ಲೆ."

"ಆಗಲಿ ಅಪ್ಪ" ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನಮ್ಮ ಜಗಲಿಯಲ್ಲಿ ಹತ್ತು ಜನರೆದುರು ಆಡಿದ ಮಾತು ನಗುವಿನ ಜೊತೆ ಎದ್ದು ಹೋಗುವಂಥದ್ದಲ್ಲ, ಅದು ಅಲ್ಲಿಯೇ ಕೂತಿರುತ್ತದೆ.

ಎರಡು ವರ್ಷ ಎಲ್ಲವೂ ಚೆನ್ನಾಗಿಯೇ ಇತ್ತು. ಗಿಡಗಳು ಸೊಂಪಾಗಿ ಎದ್ದವು. ಮೂರನೆಯ ವರ್ಷ ಕಾಯಿ ಕಟ್ಟಿತು. ಹುತ್ತರಿ ಕಳೆದರೆ ಮೊದಲ ಕುಯ್ಲು, ಆಮೇಲೆ ನಾನು ಗೆದ್ದವಳು. ನಾನು ಮನಸ್ಸಿನಲ್ಲೇ ವಾರಗಳನ್ನು ಕಳೆಯುತ್ತಿದ್ದೆ.

ಆ ಮಳೆಗಾಲದಲ್ಲಿ ಅಮ್ಮತ್ತಿಯ ಹತ್ತಿರದ ಒಂದು ಎಸ್ಟೇಟಿಗೆ ಹೋಗಿದ್ದಾಗ, ಅಲ್ಲಿ ಲೆಕ್ಕ ಬರೆಯುವ ರೈಟರು ನನ್ನನ್ನು ಒಂದು ಗಿಡದ ಬಳಿಗೆ ಕರೆದುಕೊಂಡು ಹೋದರು. ಅದು ಅದೇ ಹೊಸ ತಳಿ. ಎಲೆ ತಿರುಗಿಸಿದರೆ ಅಡಿಯಲ್ಲಿ ಕಿತ್ತಳೆ ಪುಡಿ.

"ಎಸ್ಟೇಟಲ್ಲೆಲ್ಲ ಇದೊಂದೇ ಮೇಡಂ. ನಾವೇ ಏನೋ ತಪ್ಪು ಮಾಡಿದ್ದೇವೆ ಅಂತ ಯಾರಿಗೂ ಹೇಳ್ಲಿಲ್ಲ" ಎಂದರು ರೈಟರು.

ಹತ್ತಬಾರದ ಗಿಡಕ್ಕೆ ಹತ್ತಿದೆ ಎಂದರೆ ಇದು ಯಾರೂ ಕಾಣದ ಹೊಸ ಬಗೆಯ ತುಕ್ಕು. ಓಡಿ ಬಂದು ಸಾಹೇಬರಿಗೆ ಹೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, "ಚಾನ್ಸೇ ಇಲ್ಲಮ್ಮಾ. ಹಳೇ ಗಿಡ ನೋಡಿ ಹೊಸದು ಅಂತ ಬರ್ಕೊಂಡಿದೀರಿ. ಎಲೆ ತನ್ನಿ, ಕುಂಡದಲ್ಲಿ ಹಚ್ಚಿ ನೋಡೋಣ. ಪ್ರೂಫ್ ಇಲ್ದೆ ಮಾತು ಬೇಡ" ಎಂದರು. ನನಗೆ ಬಂದ ಸಿಟ್ಟಿಗೆ ಎರಡು ದಿನ ಅವರ ಎದುರು ಚಹಾ ಕುಡಿಯಲಿಲ್ಲ. ಅದು ಅವರ ಗಮನಕ್ಕೂ ಬರಲಿಲ್ಲ.

ಅಕ್ಟೋಬರಿನಲ್ಲಿ ತುಲಾ ಸಂಕ್ರಮಣಕ್ಕೆ ರಜೆ ಹಾಕಿ ಊರಿಗೆ ಹೊರಟವಳು ದಾರಿಯಲ್ಲಿ ಅಮ್ಮತ್ತಿಯಲ್ಲಿ ಇಳಿದು, ಆ ಗಿಡದಿಂದ ಇಪ್ಪತ್ತನಾಲ್ಕು ಎಲೆ ಬಿಡಿಸಿದೆ. ಗಿಡ ಮಳೆಗೆ ಸೊರಗಿತ್ತು, ತುಕ್ಕು ಹಿಡಿದ ಎಲೆಗಳಲ್ಲಿ ಉಳಿದದ್ದೇ ಅಷ್ಟು. ಪುಡಿ ಉದುರದಂತೆ ಒಂದೊಂದನ್ನೂ ಪೇಪರಿನಲ್ಲಿ ಮಡಚಿ, ಚೀಟಿ ಬರೆದು, ಬಟ್ಟೆಯ ಚೀಲದಲ್ಲಿಟ್ಟೆ. ನಿಯಮದ ಪ್ರಕಾರ ನಾನು ಆ ಎಲೆಗಳನ್ನು ನೇರ ಕೇಂದ್ರಕ್ಕೆ ಒಯ್ಯಬೇಕಿತ್ತು. ತುಕ್ಕಿನ ಎಲೆ ಹಿಡಿದುಕೊಂಡು ಇನ್ನೊಂದು ಕಾಫಿ ತೋಟಕ್ಕೆ ಕಾಲಿಡಬಾರದು ಎಂಬುದು ನಮ್ಮ ಮೊದಲ ಪಾಠ. ಆದರೆ ಹಿಂದಕ್ಕೆ ಹೋದರೆ ಊರಿನ ಬಸ್ಸು ತಪ್ಪುತ್ತಿತ್ತು. ಮೂರು ದಿನ ಚೀಲದಲ್ಲಿದ್ದರೆ ಏನಾಗುತ್ತದೆ ಎಂದುಕೊಂಡೆ. ಮನೆ ತಲುಪಿದ ಕೂಡಲೇ ತಲೆಗೆ ನೀರು ಹಾಕಿಕೊಂಡು, ಬಟ್ಟೆ ಬದಲಿಸಿ, ಚೀಲವನ್ನು ಜಗಲಿಯ ಅತಿ ಎತ್ತರದ ಗೂಟಕ್ಕೆ ನೇತುಹಾಕಿ, ಯಾರೂ ಮುಟ್ಟಬಾರದು ಎಂದು ಎಲ್ಲರಿಗೂ ಹೇಳಿದೆ. ನನ್ನ ಜಾಗರೂಕತೆಯ ಬಗ್ಗೆ ನನಗೇ ಹೆಮ್ಮೆಯಾಯಿತು. ಮುಟ್ಟಬಾರದು ಎಂದು ಹೇಳಿದ್ದೇ ತಪ್ಪು ಎಂದು ಆಮೇಲೆ ಹೊಳೆಯಿತು.

ಆ ಸಂಜೆ ಅಜ್ಜಿ ಒಲೆಯ ಮುಂದೆ ಕೂತು ಕೇಳಿದರು. "ಅಲ್ಲ ಗೂಡೆ, ನೀ ಅಲ್ಲಿ ಎಂತ ಮಾಡುದು?" ಗೂಡೆ ಎಂದರೆ ನಮ್ಮಲ್ಲಿ ಹುಡುಗಿ. ಅಜ್ಜಿಗೆ ನಾನು ಕೊನೆಯವರೆಗೂ ಗೂಡೆಯೇ.

"ತುಕ್ಕಿನ ಪುಡಿನ ಗಿಡದ ಎಲೆಗೆ ಹಚ್ಚುದು ಅಜ್ಜಿ."

"ರೋಗದ ಪುಡಿನ ನೀವೇ ಹಚ್ಚುದಾ?"

"ಹೂಂ. ಎಲೆಯ ಅಡಿಗೆ."

"ಹಚ್ಚಿದರೆ ರೋಗ ಬರುದಿಲ್ಲೆನಾ?"

"ಒಳ್ಳೆ ಗಿಡ ಆದರೆ ಬರುದಿಲ್ಲೆ." ನಾನು ಕಡುಬಿಗೆ ಬೆಣ್ಣೆ ಹಚ್ಚುವುದರಲ್ಲಿ ಮುಳುಗಿದ್ದೆ.

ಅಜ್ಜಿ ಒಲೆಗೆ ಒಂದು ಸೌದೆ ದೂಡಿದರು. ಆ ಕಾಲದಲ್ಲಿ ಸಿಡುಬು ಬಾರದಂತೆ ತೋಳಿಗೆ ಗೀರಿ ಮದ್ದು ಹಾಕುವವರು ಊರೂರಿಗೆ ಬರುತ್ತಿದ್ದರು. ದೇವಿ ಹಾಕುವುದು ಎಂದೇ ಅದಕ್ಕೆ ಹೆಸರು. ರೋಗದ ಅಂಶವನ್ನೇ ಮೈಗೆ ಸೋಕಿಸಿದರೆ ರೋಗ ಹತ್ತಿರ ಸುಳಿಯುವುದಿಲ್ಲ ಎಂಬುದು ಅಜ್ಜಿಗೆ ಚೆನ್ನಾಗಿ ಗೊತ್ತಿತ್ತು.

"ದೇವಿ ಹಾಕಿದ ಹಾಂಗೆ" ಎಂದರು.

"ಹೂಂ ಅಜ್ಜಿ, ಹಾಂಗೆ" ಎಂದೆ. ಬಾಯಲ್ಲಿ ಕಡುಬಿತ್ತು. ಜೀವನದಲ್ಲಿ ನಾನು ಎಷ್ಟೋ ಮಾತಾಡಿದ್ದೇನೆ, ಆದರೆ ಆ ಒಂದು ಹೂಂ ಮಾಡಿದಷ್ಟು ಅನಾಹುತವನ್ನು ಬೇರೆ ಯಾವ ಮಾತೂ ಮಾಡಿಲ್ಲ.

ನಮ್ಮ ಕಡೆ ತುಲಾ ಸಂಕ್ರಮಣಕ್ಕೆ ಬೊತ್ತು ಕುತ್ತುವ ಪದ್ಧತಿ ಇದೆ. ಒಂದು ಕೋಲು, ಅದರ ತುದಿಗೆ ಕಾಡುಬಳ್ಳಿಯನ್ನು ಬಳೆಯಂತೆ ಸುತ್ತಿ ಸಿಕ್ಕಿಸಿ, ಗದ್ದೆಯಲ್ಲಿ, ಬಾವಿಯ ಬಳಿ, ಗೊಬ್ಬರದ ಗುಂಡಿಯ ಹತ್ತಿರ ನೆಡುವುದು. ಕೆಟ್ಟದ್ದು ಸುಳಿಯದಿರಲಿ ಎಂದು. ಗದ್ದೆಗೆ ಅಪ್ಪ ನೆಡುತ್ತಿದ್ದರು. ಅಜ್ಜಿಗೆ ಮಾತ್ರ ಪದ್ಧತಿಯನ್ನೂ ಒಂದೇ ಜಾಗದಲ್ಲಿ ಬಿಟ್ಟು ಅಭ್ಯಾಸವಿಲ್ಲ. ಆ ವರ್ಷ ಅವರು ಕಾಫಿಗೂ ಬೊತ್ತು ಕುತ್ತಿದರು.

ನಾನು ಎದ್ದಾಗ ಬೆಳಕಾಗಿತ್ತು. ಹೊರಗೆ ಮಂಜು, ಜಿಟಿಜಿಟಿ ಮಳೆ. ಅಜ್ಜಿ ಒದ್ದೆ ಸೀರೆಯಲ್ಲಿ ಹಿತ್ತಲ ಕಡೆಯಿಂದ ಬಂದು, ಕುಕ್ಕೆಯನ್ನು ಕೆಳಗಿಟ್ಟು, ದೊಡ್ಡ ಕೆಲಸ ಮುಗಿಸಿದವರಂತೆ ಉಸಿರುಬಿಟ್ಟರು. ನನ್ನ ಕಣ್ಣು ಗೂಟದ ಕಡೆ ಹೋಯಿತು. ಚೀಲ ಅಲ್ಲಿಯೇ ಇತ್ತು. ಅಬ್ಬಾ ಎಂದುಕೊಂಡು ಇಳಿಸಿದರೆ ಭಾರ. ಒಳಗೆ ಎರಡು ಸೌತೆಕಾಯಿ. ಅಜ್ಜಿ ಯಾವ ಜಾಗವನ್ನೂ ಖಾಲಿ ಬಿಡುವವರಲ್ಲ.

"ಅಜ್ಜೀ! ಎಲೆ ಎಲ್ಲಿ?"

"ಎಲ್ಲ ಹಾಕಿ ಬಂದೆ" ಎಂದರು ಅಜ್ಜಿ ಶಾಂತವಾಗಿ. "ಇಪ್ಪತ್ತನಾಲ್ಕು ಇದ್ದವು. ಒಂದೊಂದು ಬೊತ್ತಿಗೆ ಎರಡೆರಡು. ನೀ ಹೇಳಿದ ಹಾಂಗೆ ಎಲೆಯ ಅಡಿಗೇ ಉಜ್ಜಿದೆ. ನಿನಗೆ ರಜೆಲೂ ಕೆಲಸ ಎಂತಕೆ ಅಂತ."

ನಾನು ಬರಿಗಾಲಲ್ಲಿ ಇಳಿಜಾರು ಹತ್ತಿದೆ. ಹನ್ನೆರಡು ಬೊತ್ತು. ಒಂದೊಂದರ ಬಳೆಗೂ ನನ್ನ ಎಲೆಗಳು ನೀಟಾಗಿ ಕಟ್ಟಿದ್ದವು. ಪುಡಿಯೆಲ್ಲ ಸುತ್ತಲ ಗಿಡಗಳಿಗೆ ಉಜ್ಜಿ, ಉಳಿದದ್ದನ್ನು ಮಳೆ ತೊಳೆದಿತ್ತು. ಎಲೆ ಒದ್ದೆ, ಗಾಳಿ ತಂಪು, ಬಿಸಿಲಿಲ್ಲ. ಗಾಜಿನ ಮನೆಯಲ್ಲಿ ನಾವು ಎಷ್ಟು ಒದ್ದಾಡಿದರೂ ಇಂಥ ಅನುಕೂಲ ಸಿಗುತ್ತಿರಲಿಲ್ಲ. ನನ್ನ ಅಜ್ಜಿಯಷ್ಟು ಚೊಕ್ಕವಾಗಿ ಎಲೆಗೆ ತುಕ್ಕು ಹಚ್ಚಿದವರನ್ನು ನಾನು ಆಮೇಲೆ ಎಲ್ಲಿಯೂ ಕಂಡಿಲ್ಲ.

ನಾನು ಕೂಗಾಡಿದೆ. ಅಜ್ಜಿಗೆ ಏನೇನೋ ಅಂದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆದ ತಪ್ಪೇನೆಂದು ತಿಳಿದಾಗ ಅಜ್ಜಿಯ ಮುಖ ಸಣ್ಣದಾಯಿತು. "ಅಪ್ಪನಿಗೆ ಹೇಳುದು ಬೇಡ" ಎಂದು ಮೆಲ್ಲಗೆ ಅಂದರು. ನನಗಾಗಿ ಹೆದರಿ ಹೇಳಿದ್ದು ಅದು, ತಮಗಾಗಿ ಅಲ್ಲ.

ಅಪ್ಪನಿಗೆ ನಾನು ಹೇಳಲಿಲ್ಲ. ಹೇಳಿದ್ದರೆ ಅಂದೇ ಮೈಲುತುತ್ತ ಸುಣ್ಣದ ನೀರು ಸಿಂಪಡಿಸಿ ತಡೆಯಬಹುದಿತ್ತು. ಆದರೆ ಯಾಕೆ ಸಿಂಪಡಿಸುವುದು ಎಂದು ಅಪ್ಪ ಕೇಳುತ್ತಿದ್ದರು. ತುಕ್ಕು ಹತ್ತುವುದೇ ಇಲ್ಲ ಎಂದು ಪಂತ ಕಟ್ಟಿದವಳು ತುಕ್ಕಿನ ಮದ್ದು ಕೇಳಿದರೆ ಏನೆನ್ನಬೇಕು? ಬಸ್ಸಿನಲ್ಲಿ ಕೂತು ಯೋಚಿಸಿದೆ. ಸಾಹೇಬರ ಮಾತು ನಿಜವಾಗಿದ್ದರೆ ಗಿಡಗಳಿಗೆ ಏನೂ ಆಗುವುದಿಲ್ಲ, ನನ್ನ ಕೆಲಸ ಉಳಿಯುತ್ತದೆ. ನನ್ನ ಮಾತು ನಿಜವಾಗಿದ್ದರೆ ಕೆಲಸ ಹೋಗುತ್ತದೆ. ನಾನು ತಪ್ಪಾಗಿರಲಿ ದೇವರೇ ಎಂದು ಬೇಡಿಕೊಂಡದ್ದು ನನ್ನ ಆಯುಷ್ಯದಲ್ಲಿ ಅದೊಂದೇ ಸಲ. ಎಲೆ ತಂದಿರಾ ಎಂದು ಸಾಹೇಬರು ಕೇಳಿದರು. ಹಾಳಾದವು ಎಂದೆ. ಅವರು ಹೂಂ ಎಂದರು. ಹೂಂ ಎಂಬುದಕ್ಕೆ ಎಷ್ಟು ಅರ್ಥ ತುಂಬಬಹುದೆಂದು ನನಗೆ ಆಗ ತಿಳಿಯಿತು.

ಹುತ್ತರಿಯ ಹಿಂದಿನ ದಿನ ಬೆಳಗ್ಗೆ ಊರಿಗೆ ಬಂದೆ. ಜಗಲಿ ತುಂಬಾ ನೆಂಟರು. ಅಪ್ಪ ಭಾರೀ ಉತ್ಸಾಹದಲ್ಲಿದ್ದರು. ಹಬ್ಬದ ಮರುದಿನವೇ ಹೊಸ ತೋಟದ ಮೊದಲ ಕುಯ್ಲು. "ಗಿಡ ನೋಡು ಹೋಗು, ಹೇಂಗೆ ಹಣ್ಣಾಗುಟ್ಟು!" ಎಂದರು. ಅವರು ಹಣ್ಣು ನೋಡಿದ್ದರು. ಎಲೆ ತಿರುಗಿಸಿ ನೋಡುವ ಅಭ್ಯಾಸ ಅಪ್ಪನಿಗೆ ಇರಲಿಲ್ಲ, ಬಗ್ಗಿದರೆ ಸೊಂಟ ಹಿಡಿಯುತ್ತಿತ್ತು.

ನಾನು ತಿರುಗಿಸಿದೆ. ಮೊದಲ ಬೊತ್ತಿನ ಸುತ್ತ ನಾಲ್ಕು ಗಿಡ, ನಾಲ್ಕರ ಅಡಿಯಲ್ಲೂ ಕಿತ್ತಳೆ. ಎರಡನೆಯದರ ಸುತ್ತ ಹಾಗೆಯೇ. ಮೂರನೆಯದು ಹಾಗೆಯೇ. ಬೊತ್ತಿನಿಂದ ದೂರದ ಗಿಡಗಳು ಮಾತ್ರ ಚೊಕ್ಕ. ಅಳುವುದೋ ಕುಣಿಯುವುದೋ ತಿಳಿಯದೆ ಅಲ್ಲಿಯೇ ಕೂತುಬಿಟ್ಟೆ. ನಾನು ಹೇಳಿದ್ದು ನಿಜವಾಗಿತ್ತು. ಆ ನಿಜ ಹುಟ್ಟಿದ್ದು ಮಾತ್ರ ನನ್ನ ಅಪ್ಪನ ತೋಟದಲ್ಲಿ, ಕುಯ್ಲಿಗೆ ಎರಡು ದಿನ ಮುಂಚೆ.

ಹಿಂದೆಯೇ ಅಜ್ಜಿ ಬಂದಿದ್ದರು, ಕೈಯಲ್ಲಿ ಕುಕ್ಕೆ. ಎಲೆಗಳನ್ನು ನೋಡಿ ಅವರಿಗೂ ಅರ್ಥವಾಯಿತು. "ಕಿತ್ತು ಇದಕ್ಕೆ ಹಾಕ್. ಒಲೆಗೆ ಹಾಕುವ. ನಾಡಿದ್ದು ಹಣ್ಣ್ ಕುಯ್ದರೆ ಮುಗಿತ್ತಲ್ಲ, ಯಾರಿಗೆ ಗೊತ್ತಾದು?"

ನಾನು ಕೀಳಲು ಶುರುಮಾಡಿದೆ. ಸುಳ್ಳು ಯಾಕೆ ಹೇಳಲಿ, ಆರು ಬೊತ್ತಿನ ಸುತ್ತಲ ಎಲೆಗಳನ್ನು ಕಿತ್ತೆ. ಕುಕ್ಕೆ ಅರ್ಧ ತುಂಬಿತು. ಅಜ್ಜಿ ಕಾವಲು ನಿಂತಿದ್ದರು. ಏಳನೆಯ ಬೊತ್ತಿಗೆ ಬಂದು ಎರಡನೆಯ ಗಿಡದ ಎಲೆ ತಿರುಗಿಸಿದೆ. ಏನೂ ಇಲ್ಲ. ಇನ್ನೊಂದು ಎಲೆ, ಮತ್ತೊಂದು. ಒಂದು ಕಲೆಯೂ ಇಲ್ಲ.

"ಅಜ್ಜಿ, ಇದಕ್ಕೆ ಉಜ್ಜಿದ್ದೀರಾ?"

"ಎಲ್ಲದಕ್ಕಿಂತ ಜೋರಾಗಿ ಉಜ್ಜಿದ್ದು ಅದಕ್ಕೇ. ಅದು ನನಗೆ ಎಲ್ಲಕ್ಕಿಂತ ಇಷ್ಟದ ಗಿಡ."

ಅದರ ಎದುರಿನದೂ ಹಾಗೆಯೇ ಚೊಕ್ಕವಾಗಿತ್ತು. ಸುತ್ತಲಿನವೆಲ್ಲ ಮಣಿದಿದ್ದರೂ ಎರಡು ಗಿಡ ಮಣಿದಿರಲಿಲ್ಲ. ನನ್ನ ಕೈ ನಿಂತಿತು. ಈ ಎಲೆಗಳನ್ನು ಒಲೆಗೆ ಹಾಕಿದರೆ, ಹೊಸ ತುಕ್ಕು ಬಂದದ್ದೂ ಯಾರಿಗೂ ತಿಳಿಯದು, ಅದಕ್ಕೆ ಬಗ್ಗದ ಗಿಡ ಇದ್ದದ್ದೂ ತಿಳಿಯದು. ಆ ತಳಿಯನ್ನು ನನ್ನಂಥವರ ಮಾತು ನಂಬಿ ಎಷ್ಟು ಜನ ನೆಡುತ್ತಿದ್ದರು! ತಮ್ಮ ಹಳೆಯ ಗಿಡಗಳನ್ನು ಕೀಳಿಸುವ ದಿನ ಆ ಕಡೆ ತಲೆ ಹಾಕದ ಅಪ್ಪಂದಿರು ಎಷ್ಟಿದ್ದರು! ಅದೆಲ್ಲಕ್ಕಿಂತ ಹೆಚ್ಚಾಗಿ, ಆ ಎರಡು ಗಿಡ ಯಾಕೆ ಮಣಿಯಲಿಲ್ಲ ಎಂದು ತಿಳಿಯದೆ ನನಗೆ ನಿದ್ದೆ ಬರುತ್ತಿರಲಿಲ್ಲ. ನನ್ನ ಪ್ರಾಮಾಣಿಕತೆಯಲ್ಲಿ ಮುಕ್ಕಾಲು ಪಾಲು ಕುತೂಹಲವೇ.

ಕುಕ್ಕೆ ಹೊತ್ತು ನೇರ ಜಗಲಿಗೆ ಹೋಗಿ ಅಪ್ಪನ ಮುಂದೆ ಇಟ್ಟೆ. ಒಂದು ಎಲೆ ತಿರುಗಿಸಿ ಅವರ ಕೈಯಲ್ಲಿ ಕೊಟ್ಟೆ. ಅಪ್ಪ ಬೆರಳಿನಿಂದ ಒರಸಿ, ಬೆರಳು ನೋಡಿಕೊಂಡರು.

"ನನ್ನ ತಪ್ಪು" ಎಂದರು ಅಜ್ಜಿ ಹಿಂದಿನಿಂದ. "ನಾ ದೇವಿ ಹಾಕಿದ್ದು."

ಕಥೆಯೆಲ್ಲ ಹೊರಬಂತು. ಸೌತೆಕಾಯಿಯ ಭಾಗಕ್ಕೆ ಬಂದಾಗ ಜಗಲಿಯಲ್ಲಿ ಎದ್ದ ನಗು ಹೊಳೆಯಾಚೆಗೂ ಕೇಳಿಸಿರಬೇಕು. ಅಪ್ಪ ಮಾತ್ರ ನಗಲಿಲ್ಲ. "ಅವ್ವ ಹಚ್ಚಿದ್ದೋ, ಗಾಳಿ ತಂದದ್ದೋ. ಬಂದದ್ದು ಬಂತು. ಮಾತು ಮಾತೇ" ಎಂದರು. ಅವರ ದನಿಯಲ್ಲಿ ಗೆದ್ದವರ ಖುಷಿ ಇರಲಿಲ್ಲ. ನನಗೆ ಅದೇ ಹೆಚ್ಚು ನೋವಾಯಿತು. ಗೆದ್ದು ಬೀಗಿದ್ದರೆ ಜಗಳವಾದರೂ ಆಡಬಹುದಿತ್ತು.

ಹಬ್ಬ ಮುಗಿಸಿ ಕೇಂದ್ರಕ್ಕೆ ಹೋಗಿ ಸಾಹೇಬರ ಮೇಜಿನ ಮೇಲೆ ಎರಡು ವಸ್ತು ಇಟ್ಟೆ. ಒಂದು ಎಲೆಯ ಕಟ್ಟು, ಒಂದು ರಾಜೀನಾಮೆ. ಅವರು ಎಲೆಯ ಕಟ್ಟನ್ನು ಮೊದಲು ಬಿಚ್ಚಿದರು. ಪೂರ್ತಿ ಕಥೆ ಹೇಳಿದೆ. ನಿಯಮ ಮುರಿದದ್ದಕ್ಕೆ ಅರ್ಧ ಗಂಟೆ ಬೈದರು. ಆಮೇಲೆ ತಾವೇ ಕುಂಚ ಹಿಡಿದು ಕುಂಡಗಳ ಸಾಲಿಗೆ ಆ ಪುಡಿ ಹಚ್ಚಿದರು. ನಾನು ಪೆಟ್ಟಿಗೆ ಕಟ್ಟಿ ಊರಿಗೆ ಬಂದೆ.

ಒಂದು ತಿಂಗಳಾದ ಮೇಲೆ ನಮ್ಮ ಮನೆಯ ದಾರಿಯಲ್ಲಿ ಜೀಪಿನ ಸದ್ದು ಕೇಳಿಸಿತು. ಸಾಹೇಬರು! ಜಗಲಿಯಲ್ಲಿ ಕೂತು, ಕಾಫಿ ಕುಡಿದು, ಮೊದಲು ಅಜ್ಜಿಯನ್ನು ನೋಡಬೇಕು ಎಂದರು. ಅಜ್ಜಿ ಬಾಗಿಲ ಸಂದಿನಿಂದ ಇಣುಕಿದರು. ಸಾಹೇಬರು ಎದ್ದು ನಿಂತು ಕೈ ಮುಗಿದರು.

"ಕುಂಡದಲ್ಲೂ ಬಂತು" ಎಂದು ಅಪ್ಪನಿಗೆ ಹೇಳಿದರು. "ನಿಮ್ಮ ಮಗಳು ಹೇಳಿದ್ದು ಸರಿ. ಹೊಸ ಬಗೆ. ನಾನು ನಂಬಲಿಲ್ಲ, ತಪ್ಪಾಯ್ತು. ಆ ಎರಡು ಗಿಡ ಇದೆಯಲ್ಲ, ಅದು ಬಹಳ ಮುಖ್ಯ. ಆ ಭಾಗಕ್ಕೆ ಎರಡು ವರ್ಷ ಮದ್ದು ಹೊಡೀಬಾರದು. ತುಕ್ಕು ತಾನಾಗಿ ಎಷ್ಟು ಹರಡ್ತದೆ, ಆ ಎರಡು ತಡ್ಕೊಳ್ತವಾ ಅಂತ ವಾರವಾರ ಎಲೆ ತಿರುಗಿಸಿ ಬರೀಬೇಕು. ಫಸಲು ಹೋಗ್ತದೆ, ಸುಳ್ಳು ಹೇಳಲ್ಲ. ನಿಮ್ಮಿಷ್ಟ."

ಅಪ್ಪ ಇಳಿಜಾರಿನ ಕಡೆ ನೋಡಿದರು. ಮೂರು ವರ್ಷದ ಗಿಡಗಳು. ಒಮ್ಮೆ ನನ್ನ ಮಾತಿಗಾಗಿ ಕಿತ್ತದ್ದಾಗಿತ್ತು, ಈಗ ಮತ್ತೊಮ್ಮೆ ಬಿಟ್ಟುಕೊಡಬೇಕು.

"ವಾರವಾರ ಬರೆಯುವವರು ಯಾರು?" ಎಂದು ಕೇಳಿದರು.

"ಅದೇ ಕಷ್ಟ. ಬರೆಯೋರು ರಾಜೀನಾಮೆ ಕೊಟ್ಟಿದ್ದಾರೆ." ಸಾಹೇಬರು ಜೇಬಿನಿಂದ ನನ್ನ ಕಾಗದ ತೆಗೆದರು. "ನಾನಿನ್ನೂ ಮೇಲೆ ಕಳಿಸಿಲ್ಲ."

ಅಪ್ಪ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದರು. "ಪೆಟ್ಟಿಗೆ ಕಟ್ಟಿ ಮನೆಗೆ ಬರಬೇಕು ಅಂತ ನಾನು ಹತ್ತು ಜನರೆದುರು ಹೇಳಿದ್ದು ಹೌದು. ಬಂದಿದ್ದಾಳೆ. ಮನೆಯಲ್ಲಿ ಏನು ಮಾಡಬೇಕು ಅಂತ ನಾನು ಹೇಳಿರಲಿಲ್ಲ." ಕೈ ಚಾಚಿ ಕಾಗದ ತೆಗೆದುಕೊಂಡು ಅಜ್ಜಿಗೆ ಕೊಟ್ಟರು. "ಅವ್ವ, ಇದರ ಎಲ್ಲಾದರೂ ಇಸಿ." ಅಜ್ಜಿಗೆ ಎಲ್ಲಾದರೂ ಇಡಿ ಎಂದರೆ ಏನರ್ಥ ಎಂದು ಮನೆಯವರಿಗೆಲ್ಲ ಗೊತ್ತಿತ್ತು. ಆ ಕಾಗದವನ್ನು ಇಂದಿನವರೆಗೆ ಯಾರೂ ಕಂಡಿಲ್ಲ.

ಆ ಎರಡು ಗಿಡಗಳ ಬೀಜ ಆಮೇಲೆ ಕೇಂದ್ರಕ್ಕೆ ಹೋಯಿತು. ಅವುಗಳ ಸಂತತಿ ಕೆಲವು ವರ್ಷ ತಡೆದುಕೊಂಡಿತು, ಬಳಿಕ ತುಕ್ಕು ಅದಕ್ಕೂ ದಾರಿ ಕಂಡುಕೊಂಡಿತು. ಹೇಗೆ ಎಂದು ಆಗ ನಮಗೆ ಗೊತ್ತಿರಲಿಲ್ಲ. ಮೊನ್ನೆ ಓದಿದ ಪತ್ರಿಕೆ ಒಂದು ದಾರಿ ಹೇಳುತ್ತದೆ. ತುಕ್ಕಿನ ಮೈಮೇಲಿನ ಯಾವುದೋ ಗುರುತು ಹಿಡಿದು ಗಿಡ ಅದನ್ನು ಹೊರಗೇ ತಡೆಯುತ್ತದೆ. ಆ ಗುರುತನ್ನು ಮಾಡುವ ವಂಶವಾಹಿಯ ನಡುವೆ ಜಿಗಿಯುವ ತುಣುಕೊಂದು ಹೋಗಿ ಕೂತರೆ ಗುರುತು ಅಳಿಸಿಹೋಗುತ್ತದೆ. ಗಿಡಕ್ಕೆ ಪರಿಚಯ ಸಿಗುವುದಿಲ್ಲ, ತುಕ್ಕು ಒಳಗೆ ಬರುತ್ತದೆ. ಅಮ್ಮತ್ತಿಯ ಆ ಒಂದು ಗಿಡದಲ್ಲಿ ನಡೆದದ್ದು ಇದೇ ಇರಬಹುದು, ಬೇರೆಯೂ ಇರಬಹುದು. ಸಾಹೇಬರು ಇದ್ದಿದ್ದರೆ ಪ್ರೂಫ್ ಕೇಳುತ್ತಿದ್ದರು.

ನನಗೆ ನೆನಪಾಗುವುದು ಮಾತ್ರ ಮುಂದಿನ ವರ್ಷದ ತುಲಾ ಸಂಕ್ರಮಣ. ಆ ಬೆಳಗ್ಗೆ ಹನ್ನೆರಡು ಕೋಲು ಹೊತ್ತು ಇಳಿಜಾರು ಹತ್ತಿದವರು ಅಪ್ಪ. ಮದ್ದು ಹೊಡೆಯುವವರು ಅತ್ತ ಬಾರದಂತೆ ಗುರುತಿಗೆ ಎಂದರು. "ಎಲೆ ಬೇಡ ಅವ್ವ" ಎಂದು ಅಜ್ಜಿಗೆ ಮೊದಲೇ ಹೇಳಿದ್ದರು. ಸುತ್ತಲ ಗಿಡಗಳು ಎಲೆ ಉದುರಿಸಿ ಬೋಳಾಗಿದ್ದವು, ಕಾಯಿಯೆಂಬುದು ಇರಲಿಲ್ಲ. ನಾನು ಪುಸ್ತಕ ಹಿಡಿದು ಕೆಳಗೆ ನಿಂತಿದ್ದೆ. ಅಪ್ಪ ಏಳನೆಯ ಬೊತ್ತಿನ ಬಳಿ ಒಂದು ಕೈ ಸೊಂಟಕ್ಕೆ ಕೊಟ್ಟು ಬಗ್ಗಿದರು. ಅಕ್ಕಿ ಡಬ್ಬದಿಂದ ಹುಡುಕಿ ತಂದ ಕನ್ನಡಕ ಮೂಗಿನ ತುದಿಯಲ್ಲಿತ್ತು. ಒಂದು ಎಲೆ ತಿರುಗಿಸಿದರು, ಇನ್ನೊಂದು ತಿರುಗಿಸಿದರು, ಆ ಗಿಡದ ಒಂದು ಎಲೆಯನ್ನೂ ಬಿಡದೆ ನೋಡಿದರು. ಆಮೇಲೆ ಇಡೀ ಕಣಿವೆಗೆ ಕೇಳುವಂತೆ ಕೂಗಿದರು.

"ಏಳನೇ ಬೊತ್ತು, ಎರಡನೇ ಗಿಡ. ಇಲ್ಲೆ! ತುಕ್ಕು ಒಂಚೂರೂ ಇಲ್ಲೆ! ಬರಿ ಗೂಡೆ, ಬರಿ!"

ನಾನು ಬರೆದೆ. ಕಣ್ಣು ತುಂಬಿ ಬಂದದ್ದರಿಂದ ಆ ಸಾಲು ಸೊಟ್ಟಗಾಗಿದೆ. ಪುಸ್ತಕದಲ್ಲಿ ಈಗಲೂ ಹಾಗೆಯೇ ಇದೆ.